ಸೆಡೆತ ಕೈಗೆ ಕಟ್ಟಿದ ದಬ್ಬೆ: ಒಂದು ಚಿಕಿತ್ಸಾವಿಧಿಯ ಚರಿತ್ರೆ

೧

ಎಲುಬು ಮುರಿದಾಗ ಕೈಗೆ ದಬ್ಬೆ ಕಟ್ಟುವುದು ನಮ್ಮ ನಾಡಿನಲ್ಲಿ ಎಲ್ಲರೂ ಬಲ್ಲ ಪದ್ಧತಿ. ಬಿದಿರನ್ನು ಸೀಳಿ ನಯಮಾಡಿದ ಪಟ್ಟಿಗೆ ದಬ್ಬೆಯೆಂದು ಹೆಸರು. ಈ ಪದ್ಧತಿಯ ಪ್ರಾಚೀನತೆಯನ್ನು ತಿಳಿಯಲು ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ಮೂರನೆಯ ಅಧ್ಯಾಯವನ್ನು ನೋಡಿದರೆ ಸಾಕು. ಅಲ್ಲಿ ದಬ್ಬೆಗೆ ‘ಕುಶ’ವೆಂಬ ಸಂಜ್ಞೆಯಿದೆ, ಇಪ್ಪೆ, ಅತ್ತಿ, ಅರಳಿ, ಮುತ್ತುಗ, ಮತ್ತಿ, ಆಲ ಮೊದಲಾದ ಮರಗಳ ತೊಗಟೆಯನ್ನೂ ಬಿದಿರನ್ನೂ ಅದಕ್ಕಾಗಿ ತರಬೇಕೆಂದು ವಿಧಿಸಿದೆ. ಕಟ್ಟು ಸಡಿಲವಾದರೆ ಸಂಧಿಯು ಸ್ಥಿರವಾಗಿ ನಿಲ್ಲದು. ಅತಿಯಾಗಿ ಬಿಗಿದರೆ ಬಾವು, ನೋವು, ಕೀವು ಉಂಟಾಗುವುವು. ಆದಕಾರಣ ಹದವಾದ ಕಟ್ಟೇ ಪ್ರಶಸ್ತವೆಂಬ ವಿವೇಕವೂ ಅಲ್ಲಿಯೇ ಇದೆ. ಈ ವಿಧಿಯ ತತ್ತ್ವ ಸರಳವಾದುದು. ಎಲುಬು ತನ್ನಷ್ಟಕ್ಕೆ ತಾನೇ ಕೂಡಿಕೊಳ್ಳುವುದು. ದಬ್ಬೆಯು ಅದಕ್ಕೆ ನಿಶ್ಚಲತೆಯನ್ನೊದಗಿಸುವುದು. ಕೂಡಿಕೊಂಡ ಮೇಲೆ ದಬ್ಬೆಗೆ ಕೆಲಸವಿಲ್ಲ.

ಇನ್ನೊಂದು ಬಗೆಯ ಕೈಯನ್ನು ನೋಡೋಣ. ಮಗುವಿನ ಎಲುಬಿಗೆ ಯಾವ ಊನವೂ ಇಲ್ಲ. ಸ್ನಾಯುಗಳೂ ಹುಟ್ಟುವಾಗ ಸರಿಯಾಗಿಯೇ ಇದ್ದುವು. ಆದರೆ ಮೊಣಕೈ ಮಡಿಚಿಕೊಂಡಿದೆ, ಮುಂಗೈ ಒಳಕ್ಕೆ ತಿರುಚಿದೆ, ಮಣಿಕಟ್ಟು ಬಾಗಿದೆ, ಹೆಬ್ಬೆರಳು ಅಂಗೈಯೊಳಗೆ ಸೇರಿದೆ, ಉಳಿದ ಬೆರಳುಗಳು ಅದರ ಮೇಲೆ ಮುಷ್ಟಿಗಟ್ಟಿವೆ. ಬಿಡಿಸಹೋದರೆ ಕೈ ಎದುರು ಸೆಣಸುವುದು; ಬೇಗ ಬಿಡಿಸಿದಷ್ಟೂ ಹೆಚ್ಚಾಗಿ ಸೆಣಸುವುದು. ಜನನಕ್ಕೆ ಮುಂಚೆ, ಜನನಸಮಯದಲ್ಲಿ, ಅಥವಾ ಎಳೆಯ ಶೈಶವದಲ್ಲಿ ಮಿದುಳಿಗೆ ತಗುಲಿದ ಹಾನಿಯೇ ಇದಕ್ಕೆ ಮೂಲ. ಹೀಗಾಗುವ ಚಲನದೋಷಗಳ ಸಮುದಾಯಕ್ಕೆ ವೈದ್ಯರು ಸೆರೆಬ್ರಲ್ ಪಾಲ್ಸಿ ಎಂದು ಹೆಸರಿಟ್ಟಿದ್ದಾರೆ.

ಈ ಕೈಗೂ ನೂರು ವರ್ಷಗಳಿಗೆ ಮೇಲ್ಪಟ್ಟು ದಬ್ಬೆ ಕಟ್ಟುತ್ತ ಬಂದಿದ್ದಾರೆ. ಇಲ್ಲಿ ಕೂಡಿಕೊಳ್ಳಬೇಕಾದ ಎಲುಬಿಲ್ಲ; ರೋಗದ ನೆಲೆ ಕೈಯಲ್ಲಿಯೇ ಇಲ್ಲ. ಹೀಗಿರಲು, ಯಾವ ಯುಕ್ತಿಯಿಂದ ಕಟ್ಟಿದರು, ಆ ಯುಕ್ತಿಯು ಪರೀಕ್ಷೆಗೆ ನಿಂತಿತೇ, ನಿಲ್ಲದಿದ್ದರೆ ಅದರಲ್ಲಿ ಉಳಿದ ಅಂಶವಾವುದು ಎಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ. ವಿಷಯವು ವೈದ್ಯಶಾಸ್ತ್ರಕ್ಕೆ ಸೇರಿದ್ದಾದರೂ ಶಬ್ದಾರ್ಥವಿಚಾರದಲ್ಲಿ ಆಸಕ್ತರಾದವರಿಗೂ ಇದರಲ್ಲಿ ಗ್ರಾಹ್ಯವಾದುದುಂಟು. ಏಕೆಂದರೆ ‘ಬಿಗಿತ’ವೆಂಬ ಒಂದೇ ಮಾತು ಎರಡು ಬೇರೆ ಬೇರೆ ವಸ್ತುಗಳನ್ನು ಮುಚ್ಚಿಕೊಂಡಿದ್ದುದೇ ಈ ವಿವಾದವು ಬಹುಕಾಲ ತೀರದಿದ್ದುದಕ್ಕೆ ಒಂದು ಕಾರಣವಾಯಿತು.

೨

ಈ ವ್ಯಾಧಿಯ ಸ್ವರೂಪವನ್ನು ಮೊದಲು ವಿಶದವಾಗಿ ವರ್ಣಿಸಿದವರು ಲಂಡನ್ನಿನ ವಿಲಿಯಂ ಜಾನ್ ಲಿಟ್ಲರು (೧೮೧೦–೧೮೯೪). ಅವರು ಸ್ವತಃ ಅಂಗವೈಕಲ್ಯವನ್ನು ಅನುಭವಿಸಿದವರು. ಬಾಲ್ಯದಲ್ಲಿ ಬಂದ ರೋಗದಿಂದ ಅವರ ಒಂದು ಪಾದ ಸೊಟ್ಟಗಾಗಿತ್ತು. ಜರ್ಮನಿಯ ಹ್ಯಾನೋವರ್ ಪಟ್ಟಣದಲ್ಲಿ ಸ್ಟ್ರೋಮೇಯರ್ ಎಂಬ ಶಸ್ತ್ರವೈದ್ಯರು ಚರ್ಮವನ್ನು ಅಲ್ಪವಾಗಿ ಮಾತ್ರ ಭೇದಿಸಿ ಒಳಗಿನ ಸ್ನಾಯುರಜ್ಜುವನ್ನು ಕತ್ತರಿಸುವ ವಿಧಾನವನ್ನು ಕಂಡುಕೊಂಡಿದ್ದರು. ೧೮೩೬ರಲ್ಲಿ ಲಿಟ್ಲರು ಅವರಿಂದ ತಮ್ಮ ಪಾದಕ್ಕೆ ಚಿಕಿತ್ಸೆ ಮಾಡಿಸಿಕೊಂಡು, ಆ ವಿದ್ಯೆಯನ್ನು ಕಲಿತು, ಸ್ವದೇಶಕ್ಕೆ ಮರಳಿದರು. ರಜ್ಜುವನ್ನು ಕತ್ತರಿಸಿದ ಮೇಲೆ ಅಂಗವನ್ನು ಯಂತ್ರಸಾಧನಗಳಿಂದ ಮೆಲ್ಲಮೆಲ್ಲನೆ ಸರಿಯಾದ ಸ್ಥಾನಕ್ಕೆ ತರುವುದು ಈ ವಿಧಾನದ ಉತ್ತರಾರ್ಧ. ಸೆಡೆತ ಅಂಗಗಳ ಚಿಕಿತ್ಸೆಯೊಳಗೆ ದಬ್ಬೆಯು ಪ್ರವೇಶಿಸಿದ್ದು ಈ ಬಾಗಿಲಿನಿಂದ. ಸೊಟ್ಟಪಾದಕ್ಕೆ ಸಾಧಕವಾದುದು ಸೆಡೆತ ಅಂಗಕ್ಕೂ ಸಾಧಕವಾಗುವುದೆಂದು ನಂಬಲು ಅವಕಾಶವಿತ್ತು. ಎರಡರ ಆಕಾರವೂ ಹೊರನೋಟಕ್ಕೆ ಒಂದೇ ಬಗೆಯದು.

೧೮೬೧ರಲ್ಲಿ ಲಿಟ್ಲರು ಲಂಡನ್ನಿನ ಪ್ರಸೂತಿವೈದ್ಯರ ಸಂಘದ ಮುಂದೆ ಓದಿ, ಮರುವರ್ಷ ಪ್ರಕಟಿಸಿದ ಪ್ರಬಂಧವು ಈ ಶಾಸ್ತ್ರದ ಮೂಲಗ್ರಂಥದಂತಿದೆ. ಕಷ್ಟಪ್ರಸವ, ಅಕಾಲಜನನ, ಹುಟ್ಟಿದಾಗಿನ ಉಸಿರುಗಟ್ಟುವಿಕೆ ಇವುಗಳಿಗೂ ಮಗುವಿನ ಮುಂದಿನ ಅಂಗಸೆಡೆತಕ್ಕೂ ಕಾರ್ಯಕಾರಣಸಂಬಂಧವುಂಟೆಂದು ಅವರು ಅದರಲ್ಲಿ ಪ್ರತಿಪಾದಿಸಿದರು. ಸಾಹಿತ್ಯಾಭ್ಯಾಸಿಗಳಿಗೆ ರುಚಿಸುವ ಸಂಗತಿಯೊಂದಿದೆ. ಪೂರ್ವಸೂರಿಗಳ ಸಾಕ್ಷ್ಯವನ್ನು ಹುಡುಕುತ್ತ ಹೋದ ಲಿಟ್ಲರು ವೈದ್ಯಗ್ರಂಥಗಳನ್ನು ಬಿಟ್ಟು ಷೇಕ್ಸ್‌ಪಿಯರನಲ್ಲಿಗೆ ಬಂದರು. ಮೂರನೆಯ ರಿಚರ್ಡನ ನಾಟಕದ ಆರಂಭದಲ್ಲಿ ಆ ರಾಜಕುಮಾರನು, ತಾನು ದಿನ ತುಂಬುವ ಮೊದಲೇ ಲೋಕಕ್ಕೆ ಬಂದು ವಿಕಲಾಂಗನಾದೆನೆಂದು ಹೇಳಿಕೊಳ್ಳುವ ಮಾತನ್ನು ಅವರು ತಮ್ಮ ಮತಕ್ಕೆ ಪೋಷಕವಾಗಿ ಎತ್ತಿಕೊಂಡರು. ವ್ಯಾಧಿಯು ಬಹುಕಾಲ ‘ಲಿಟ್ಲರ ರೋಗ’ವೆಂದೇ ಪ್ರಸಿದ್ಧವಾಯಿತು.

ಮೂಲಕಾರಣದ ಚರ್ಚೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ೧೮೮೯ರಲ್ಲಿ ವಿಲಿಯಂ ಆಸ್ಲರ್ ಅವರು ಫಿಲಡೆಲ್ಫಿಯದಲ್ಲಿ ಸಂಗ್ರಹಿಸಿದ ರೋಗಿಗಳ ವಿವರಗಳನ್ನು ಗ್ರಂಥರೂಪಕ್ಕೆ ತಂದರು. ಮನಶ್ಶಾಸ್ತ್ರಜ್ಞರೆಂದು ಮುಂದೆ ಲೋಕಪ್ರಸಿದ್ಧರಾದ ಸಿಗ್ಮಂಡ್ ಫ್ರಾಯ್ಡರು ೧೮೯೭ರ ತಮ್ಮ ಬೃಹದ್ಗ್ರಂಥದಲ್ಲಿ ಲಿಟ್ಲರ ಮತವನ್ನು ಪ್ರಶ್ನಿಸಿ, ಕಷ್ಟಪ್ರಸವವು ಕೆಲವೆಡೆ ಕಾರಣವಲ್ಲದೆ, ಗರ್ಭದಲ್ಲಿಯೇ ಆಗಿದ್ದ ದೋಷದ ಲಕ್ಷಣವಾಗಿರಬಹುದೆಂದು ಸೂಚಿಸಿದರು. ಆದರೆ ಮೂರು ಮಂದಿಗೂ ಸಮ್ಮತವಾದ ಅಂಶವೊಂದಿತ್ತು: ದೋಷದ ನೆಲೆಯು ಮಿದುಳಿನಲ್ಲಿದೆ. ಹೀಗಿದ್ದರೂ ಚಿಕಿತ್ಸೆಯು ಅಂಗದ ಮೇಲೆಯೇ ನಿಂತಿತು. ಮಿದುಳಿಗೆ ಯಾರ ಕೈಯೂ ತಲುಪುವಂತಿರಲಿಲ್ಲ. ಕೈ ಮಾತ್ರ ವೈದ್ಯರ ಕೈಗೆ ಸಿಕ್ಕುತ್ತಿತ್ತು.

೩

ಹೀಗೆ ಮುಂದುವರಿದುದಕ್ಕೆ ಆ ಶಾಸ್ತ್ರದ ಹೆಸರಿನಲ್ಲಿಯೇ ಒಂದು ಬೀಜವಿದೆ. ನಿಕೋಲಾಸ್ ಆಂದ್ರಿ ಎಂಬ ಫ್ರೆಂಚ್ ವೈದ್ಯರು ೧೭೪೧ರ ತಮ್ಮ ಗ್ರಂಥಕ್ಕೆ ‘ನೆಟ್ಟಗೆ’ ಮತ್ತು ‘ಮಗು’ ಎಂಬರ್ಥದ ಎರಡು ಗ್ರೀಕ್ ಪದಗಳನ್ನು ಜೋಡಿಸಿ ‘ಆರ್ಥೊಪೆಡಿ’ ಎಂದು ಹೆಸರಿಟ್ಟರು. ಸೊಟ್ಟಗೆ ಬೆಳೆದ ಎಳೆಯ ಮರವನ್ನು ನೆಟ್ಟನೆಯ ಗೂಟಕ್ಕೆ ಹಗ್ಗದಿಂದ ಬಿಗಿದಿರುವ ಚಿತ್ರವು ಆ ಪುಸ್ತಕದಲ್ಲಿದೆ. ಅದೇ ಮುಂದೆ ಆ ಶಾಸ್ತ್ರದ ಲಾಂಛನವಾಯಿತು. ಉಪಮೆಯು ಸುಂದರವಾದುದು. ಆದರೆ ಮರದ ವಕ್ರತೆಯು ಮರದ ಕಾಂಡದಲ್ಲಿಯೇ ಇರುತ್ತದೆ. ನಾವು ಹೇಳುತ್ತಿರುವ ಕೈಯ ವಕ್ರತೆಯು ಕ್ಷಣಕ್ಷಣಕ್ಕೂ ಬೇರೊಂದೆಡೆಯಿಂದ ಬರುತ್ತಿರುವುದು. ಉಪಮಾನಕ್ಕೂ ಉಪಮೇಯಕ್ಕೂ ನಡುವೆ ಇರುವ ಈ ಅಂತರವನ್ನು ಮರೆತುದರಿಂದ ಎಷ್ಟೋ ಶ್ರಮ ವ್ಯರ್ಥವಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ದಬ್ಬೆಯ ದ್ರವ್ಯಗಳೂ ಬೆಳೆದುವು. ೧೮೫೨ರಲ್ಲಿ ಡಚ್ ಸೈನ್ಯದ ವೈದ್ಯ ಮಾಥೈಸನ್ ಅವರು ಪ್ಲಾಸ್ಟರ್ ಪುಡಿ ಸವರಿದ ಬಟ್ಟೆಪಟ್ಟಿಗಳ ಕಟ್ಟನ್ನು ಪ್ರಕಟಿಸಿದರು. ಲಿವರ್‌ಪೂಲಿನ ಹ್ಯೂ ಓವೆನ್ ಥಾಮಸರು (೧೮೩೪–೧೮೯೧) ರುಗ್ಣ ಸಂಧಿಗೆ ದೀರ್ಘವೂ ಅಖಂಡವೂ ಆದ ವಿಶ್ರಾಂತಿಯೇ ಔಷಧವೆಂದು ಸಾರಿ ಅದಕ್ಕೆ ತಕ್ಕ ಕಬ್ಬಿಣದ ದಬ್ಬೆಗಳನ್ನು ನಿರ್ಮಿಸಿದರು. ಅವರ ಪತ್ನಿಯ ಸೋದರಳಿಯ ರಾಬರ್ಟ್ ಜೋನ್ಸರು ಟಬಿ ಎಂಬವರೊಡನೆ ೧೯೦೩ರಲ್ಲಿ ಬರೆದ ಪಾರ್ಶ್ವವಾಯುಗಳ ಶಸ್ತ್ರಚಿಕಿತ್ಸೆಯ ಗ್ರಂಥದಲ್ಲಿ ರಜ್ಜುಗಳ ಸ್ಥಾನಾಂತರವೇ ಮೊದಲಾದ ಕ್ರಿಯೆಗಳನ್ನು ನಿರೂಪಿಸಿದರು. ಈ ಕಾಲದ ವೈದ್ಯರ ದೃಷ್ಟಿಯಲ್ಲಿ ದಬ್ಬೆಯೆಂದರೆ ವಿಶ್ರಾಂತಿ, ಇಲ್ಲವೆ ಶಸ್ತ್ರಕ್ರಿಯೆಯ ಅನುಚರ.

ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ವಿಂತ್ರಪ್ ಫೆಲ್ಪ್ಸರು (೧೮೯೪–೧೯೭೧) ಇದನ್ನೇ ಒಂದು ಸಂಪ್ರದಾಯವಾಗಿ ಕಟ್ಟಿದರು. ೧೯೩೭ರಲ್ಲಿ ಬಾಲ್ಟಿಮೋರಿನಲ್ಲಿ ಇಂಥ ಮಕ್ಕಳಿಗಾಗಿಯೇ ಅವರು ತೆರೆದ ಸಂಸ್ಥೆಯಲ್ಲಿ ಒಂದೊಂದು ಸ್ನಾಯುವನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ ಶಿಕ್ಷಣ ಕೊಡುತ್ತಿದ್ದರು. ಅನಪೇಕ್ಷಿತ ಚಲನೆಯನ್ನು ತಡೆಯಲು ಲೋಹದ ಮತ್ತು ತೊಗಲಿನ ಪಟ್ಟೆಗಳನ್ನು ಯಥೇಚ್ಛವಾಗಿ ತೊಡಿಸುತ್ತಿದ್ದರು. ೧೯೪೭ರಲ್ಲಿ ಸ್ಥಾಪಿತವಾದ ಸೆರೆಬ್ರಲ್ ಪಾಲ್ಸಿಯ ಅಮೆರಿಕನ್ ಅಕಾಡೆಮಿಗೆ ಮೊದಲ ಅಧ್ಯಕ್ಷರೂ ಅವರೇ. ಈ ಮಕ್ಕಳನ್ನು ಚಿಕಿತ್ಸೆಗೆ ಅನರ್ಹರೆಂದು ಮೂಲೆಗೊತ್ತಿದ್ದ ಕಾಲದಲ್ಲಿ ಅವರ ಶಿಕ್ಷಣ ಸಾಧ್ಯವೆಂದು ತೋರಿಸಿದ ಕೀರ್ತಿ ಫೆಲ್ಪ್ಸರಿಗೆ ಸಲ್ಲತಕ್ಕದ್ದು.

೪

ಇಷ್ಟರಲ್ಲಿ ಸೆಡೆತದ ಶಾರೀರವು ಬೇರೊಂದು ಕಡೆಯಲ್ಲಿ ಸ್ಪಷ್ಟವಾಗುತ್ತಿತ್ತು. ಇಂಗ್ಲೆಂಡಿನ ಷೆರಿಂಗ್‌ಟನ್ನರು ೧೮೯೮ರಲ್ಲಿ, ಮಿದುಳಿನ ಮೇಲ್ಭಾಗದ ಸಂಬಂಧವನ್ನು ಕಡಿದ ಪ್ರಾಣಿಗಳ ಕಾಲುಗಳು ಹೇಗೆ ಸೆಟೆದು ನಿಲ್ಲುವುವೆಂಬುದನ್ನು ವರ್ಣಿಸಿದರು. ೧೯೨೪ರಲ್ಲಿ ಅವರೂ ಲಿಡೆಲ್ಲರೂ ಸೇರಿ, ಸ್ನಾಯುವನ್ನು ಹಿಗ್ಗಿಸಿದ ಮಾತ್ರಕ್ಕೆ ಅದು ಪ್ರತಿಕ್ರಿಯೆಯಾಗಿ ಸಂಕೋಚಗೊಳ್ಳುವುದೆಂದು ತೋರಿಸಿದರು. ಸ್ವಸ್ಥದೇಹದಲ್ಲಿ ಮೇಲಿನ ಕೇಂದ್ರಗಳು ಈ ಪ್ರತಿಕ್ರಿಯೆಯನ್ನು ಹದದಲ್ಲಿಟ್ಟಿರುತ್ತವೆ. ಆ ಅಂಕೆ ತಪ್ಪಿದರೆ ಸೆಡೆತ. ೧೯೮೦ರಲ್ಲಿ ಆಸ್ಟ್ರೇಲಿಯದ ಜೇಮ್ಸ್ ಲ್ಯಾನ್ಸರು ಹಿಗ್ಗಿಸುವ ವೇಗಕ್ಕೆ ತಕ್ಕಂತೆ ಹೆಚ್ಚುವ ಪ್ರತಿರೋಧವೇ ಸೆಡೆತದ ಲಕ್ಷಣವೆಂದು ಅದನ್ನು ನಿಷ್ಕರ್ಷಿಸಿದರು.

ಈ ಜ್ಞಾನವನ್ನು ಚಿಕಿತ್ಸೆಗೆ ತಂದವರಲ್ಲಿ ಬರ್ಟಾ ಬೋಬಾತ್ ಮತ್ತು ಕಾರೆಲ್ ಬೋಬಾತ್ ದಂಪತಿಗಳು ಪ್ರಮುಖರು. ಬರ್ಲಿನ್ನಿನಿಂದ ಲಂಡನ್ನಿಗೆ ಬಂದು ನೆಲಸಿದ ಇವರಲ್ಲಿ ಆಕೆ ಅಂಗಸಾಧನೆಯಲ್ಲಿ ನಿಪುಣರು, ಆತ ವೈದ್ಯರು. ೧೯೪೩ರಲ್ಲಿ ಪಾರ್ಶ್ವವಾಯು ಬಡಿದಿದ್ದ ಚಿತ್ರಕಾರರೊಬ್ಬರಿಗೆ ಚಿಕಿತ್ಸೆ ನಡೆಸುತ್ತಿದ್ದಾಗ, ಕೆಲವು ಅಂಗವಿನ್ಯಾಸಗಳಲ್ಲಿ ಬಿಗಿತವು ಸಡಿಲವಾಗುವುದನ್ನು ಬರ್ಟಾ ಅವರು ಕಂಡರು. ಚಿಕಿತ್ಸಕನ ಕೈ ಮಗುವಿನ ಚಲನೆಯನ್ನು ನಡೆಸಬೇಕೇ ಹೊರತು ಜಡವಸ್ತುವು ಅದನ್ನು ತಡೆಯಬಾರದೆಂಬ ಅಭಿಪ್ರಾಯ ಇವರ ಸಂಪ್ರದಾಯದಲ್ಲಿ ಬೆಳೆಯಿತು. ದಬ್ಬೆಯ ಸ್ಪರ್ಶವೇ ಅಂಗೈಯ ಸ್ನಾಯುಗಳನ್ನು ಕೆರಳಿಸಿ ಮುಷ್ಟಿಯನ್ನು ಇನ್ನಷ್ಟು ಬಿಗಿಮಾಡುವುದೆಂಬ ಆಕ್ಷೇಪವೂ ಹುಟ್ಟಿತು. ಹಿಂದೆ ವಿಧಿಯಾಗಿದ್ದುದು ಇಲ್ಲಿ ನಿಷೇಧವಾಯಿತು.

ಅನಂತರ ನಡೆದುದು ವಿಚಿತ್ರ. ದಬ್ಬೆಯನ್ನು ಬಿಡಲೊಲ್ಲದವರು ನಿಷೇಧದ ಯುಕ್ತಿಯನ್ನೇ ತೆಗೆದುಕೊಂಡು ಹೊಸ ದಬ್ಬೆಗಳನ್ನು ಮಾಡಿದರು. ಅಂಗೈಯನ್ನು ಮುಟ್ಟಬಾರದೆಂದರೆ ಮುಂಗೈಯ ಮೇಲ್ಭಾಗಕ್ಕೆ ಕಟ್ಟೋಣವೆಂದು ಒಬ್ಬರು. ಬೆರಳುಗಳನ್ನು ಅಗಲಿಸಿದರೆ ಸೆಡೆತ ಇಳಿಯುವುದಾದರೆ ಅಗಲಿಸಿಯೇ ಕಟ್ಟೋಣವೆಂದು ಇನ್ನೊಬ್ಬರು. ಬಿಸಿನೀರಿನಲ್ಲಿ ಮೆತ್ತಗಾಗಿ, ಆರಿದ ಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್ ಹಾಳೆಗಳು ದೊರೆತುದರಿಂದ ಮಗುವಿನ ಕೈಯ ಅಚ್ಚಿನಲ್ಲಿಯೇ ದಬ್ಬೆಯನ್ನು ರೂಪಿಸುವುದು ಸುಲಭವಾಗಿತ್ತು. ೧೯೭೯ರಲ್ಲಿ ಅಮೆರಿಕದ ಸ್ನೂಕ್ ಅವರು ವರ್ಣಿಸಿದ ದಬ್ಬೆಗೆ ‘ಸೆಡೆತ ತಗ್ಗಿಸುವ ದಬ್ಬೆ’ಯೆಂದೇ ಹೆಸರು, ಬೋಬಾತರ ವಿನ್ಯಾಸತತ್ತ್ವವೇ ಅದಕ್ಕೆ ಆಧಾರ. ಹೆಸರೇ ಪ್ರತಿಜ್ಞೆಯಾದುದರಿಂದ ಅದನ್ನು ಪರೀಕ್ಷಿಸುವುದು ಸಾಧ್ಯವಾಯಿತು. ೧೯೮೧ರಲ್ಲಿ ಮೆಕ್‌ಫರ್ಸನ್ ಅವರು ಅಂಥ ದಬ್ಬೆಯನ್ನು ತೊಡಿಸಿ, ಕೈಯ ಎಳೆತವನ್ನು ಅಳೆದು ನೋಡಿದರು. ತೊಡುತ್ತಿರುವಷ್ಟು ಕಾಲ ಬಿಗಿತ ಇಳಿಯಿತು; ತೊಡುವುದನ್ನು ನಿಲ್ಲಿಸಿದ ಮೇಲೆ ಮರಳಿ ಬಂದಿತು.

೫

ಬಿಗಿತವೆಂಬ ಒಂದೇ ಮಾತಿನಲ್ಲಿ ಎರಡು ವಸ್ತುಗಳು ಅಡಗಿವೆಯೆಂದು ಮೇಲೆ ಹೇಳಿದೆನಷ್ಟೆ. ಅವುಗಳನ್ನು ಬೇರ್ಪಡಿಸಲು ಇದೇ ತಕ್ಕ ಸ್ಥಳ. ಒಂದು, ನರಗಳ ಪ್ರತಿಕ್ರಿಯೆಯಿಂದ ಬರುವ ಸೆಡೆತ. ಇನ್ನೊಂದು, ಬಹುಕಾಲ ಮಡಿಚಿಯೇ ಇದ್ದುದರಿಂದ ಸ್ನಾಯುವಿನಲ್ಲಿ ಮತ್ತು ಸಂಧಿಯಲ್ಲಿ ನೆಲೆಗೊಂಡ ಕುಗ್ಗು. ಮೊದಲನೆಯದು ನಿದ್ರೆಯಲ್ಲಿ ಇಳಿಯಬಹುದು, ಭಯದಲ್ಲಿ ಏರಬಹುದು. ಎರಡನೆಯದು ಮಗು ಮಲಗಿದ್ದರೂ ಎದ್ದಿದ್ದರೂ ಹಾಗೆಯೇ ಇರುವುದು. ಅಲುಗದಂತೆ ಹಿಡಿದಿರುವ ದಬ್ಬೆಯು ಹಿಗ್ಗಿಸುವ ವೇಗವನ್ನು ತಡೆಯುವುದರಿಂದ ಸೆಡೆತಕ್ಕೆ ಸಂದರ್ಭವನ್ನು ತಪ್ಪಿಸೀತು. ಆದರೆ ಮಿದುಳಿನ ಅಂಕೆಯನ್ನು ಮರಳಿ ತಂದುಕೊಡಲಾರದು. ಕುಗ್ಗಿನ ವಿಷಯದಲ್ಲಿ ಅದಕ್ಕೆ ಹೆಚ್ಚಿನ ಅಧಿಕಾರವಿರಬಹುದು.

ಈ ಎರಡನೆಯ ಅಂಶಕ್ಕೆ ಪುಷ್ಟಿ ಬೇರೆ ರೋಗಗಳ ಕಡೆಯಿಂದ ಬಂದಿತು. ನಮಗೆ ಸಮೀಪದ ವೆಲ್ಲೂರಿನಲ್ಲಿ ಪಾಲ್ ಬ್ರಾಂಡರು ೧೯೪೦ರ ದಶಕದ ಕೊನೆಯಿಂದ ಕುಷ್ಠರೋಗಿಗಳ ಮಡಿಚಿಹೋದ ಬೆರಳುಗಳಿಗೆ ಚಿಕಿತ್ಸೆ ನಡೆಸಿದರು. ಅಲ್ಲಿ ನರಗಳು ಸತ್ತಿರುತ್ತವೆ, ಸೆಡೆತವಿಲ್ಲ. ಇರುವುದು ಕುಗ್ಗು ಮಾತ್ರ. ಬಲವಂತವಾಗಿ ಎಳೆಯದೆ, ಪ್ಲಾಸ್ಟರ್ ಕಟ್ಟನ್ನು ಆಗಾಗ್ಗೆ ಬಿಚ್ಚಿ, ಬೆರಳು ತಾನಾಗಿ ಬಂದಷ್ಟನ್ನೇ ಹಿಡಿದು ಮತ್ತೆ ಕಟ್ಟುವ ಕ್ರಮವನ್ನು ಅವರು ಬೋಧಿಸಿದರು. ಮೃದುವಾದ, ಎಡೆಬಿಡದ ಎಳೆತಕ್ಕೆ ಮಾಂಸವು ಹರಿಯದೆ ಬೆಳೆಯುವುದೆಂಬುದು ಅವರ ಸಿದ್ಧಾಂತ.

೧೯೭೨ರಲ್ಲಿ ತಬಾರಿ ಮತ್ತು ಅವರ ಸಹೋದ್ಯೋಗಿಗಳು ಬೆಕ್ಕಿನ ಮೀನಖಂಡದ ಸ್ನಾಯುವಿನಲ್ಲಿ ಇದರ ಸೂಕ್ಷ್ಮವನ್ನು ಕಂಡರು. ಕುಗ್ಗಿಸಿ ಕಟ್ಟಿದ ಸ್ನಾಯುವಿನ ತಂತುಗಳಲ್ಲಿ ಸಾರ್ಕೋಮಿಯರ್ ಎಂಬ ಸೂಕ್ಷ್ಮಘಟಕಗಳ ಸಂಖ್ಯೆ ನೂರಕ್ಕೆ ನಲವತ್ತರಷ್ಟು ಇಳಿಯಿತು. ಹಿಗ್ಗಿಸಿ ಕಟ್ಟಿದರೆ ಸಂಖ್ಯೆ ಏರಿತು. ೧೯೮೮ರಲ್ಲಿ ತಾರ್ಡ್ಯೂ ಅವರ ಬಳಗವು ಸೆರೆಬ್ರಲ್ ಪಾಲ್ಸಿಯ ಮಕ್ಕಳ ಕಾಲಿನ ಸ್ನಾಯುವನ್ನು ಪರೀಕ್ಷಿಸಿ, ದಿನಕ್ಕೆ ಆರು ಗಂಟೆಗಳಾದರೂ ಹಿಗ್ಗಿದ ಸ್ಥಿತಿಯಲ್ಲಿದ್ದರೆ ಕುಗ್ಗು ಬೆಳೆಯಲಿಲ್ಲವೆಂದು ವರದಿಮಾಡಿತು. ಇದು ಕಾಲಿನ ಸಂಗತಿಯೆಂಬುದನ್ನು ಮರೆಯಬಾರದು. ಕೈಯ ಮಾತು ಅಷ್ಟು ಸುಲಭವಲ್ಲ. ೨೦೦೨ರಲ್ಲಿ ಲೀಬರ್ ಮತ್ತು ಫ್ರೀಡೇನ್ ಎಂಬವರು ಶಸ್ತ್ರಕ್ರಿಯೆಯ ಸಮಯದಲ್ಲಿ ಇಂಥ ಮಕ್ಕಳ ಮಣಿಕಟ್ಟಿನ ಬಾಗು ಸ್ನಾಯುವನ್ನು ಅಳೆದಾಗ, ಅದರ ಸೂಕ್ಷ್ಮಘಟಕಗಳು ಮೊದಲೇ ಅತಿಯಾಗಿ ಹಿಗ್ಗಿದ್ದುದು ಕಂಡುಬಂದಿತು. ಹಾಗಾದರೆ ದಬ್ಬೆಯಿಂದ ಮತ್ತಷ್ಟು ಹಿಗ್ಗಿಸುವುದರ ಫಲವೇನೆಂಬ ಪ್ರಶ್ನೆ ಏಳುತ್ತದೆ. ಬೆಕ್ಕಿನ ಸ್ವಸ್ಥಸ್ನಾಯುವಿನ ನಿಯಮವನ್ನು ಮಗುವಿನ ರುಗ್ಣಸ್ನಾಯುವಿಗೆ ಹಾಗೆಯೇ ಅನ್ವಯಿಸುವುದು ಆಂದ್ರಿಯವರ ಮರದ ಉಪಮೆಯಂತೆಯೇ ಎಚ್ಚರಿಕೆಯಿಂದ ಮಾಡತಕ್ಕ ಕೆಲಸ.

೬

ತರ್ಕದಿಂದ ತೀರದ ವಿವಾದವನ್ನು ತೀರಿಸಲು ತೂಗಿನೋಡುವ ಪರೀಕ್ಷೆಯೊಂದೇ ದಾರಿ. ಕೆನಡ ದೇಶದ ಮೇರಿ ಲಾ ಅವರೂ ಅವರ ಸಹೋದ್ಯೋಗಿಗಳೂ ೧೯೯೧ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಹದಿನೆಂಟು ತಿಂಗಳಿಂದ ಎಂಟು ವರ್ಷದವರೆಗಿನ ೭೩ ಮಕ್ಕಳಿದ್ದರು. ಬೋಬಾತ್ ಪದ್ಧತಿಯ ಅಭ್ಯಾಸವು ಕೆಲವರಿಗೆ ಹೆಚ್ಚು, ಕೆಲವರಿಗೆ ಸಾಧಾರಣ. ಪ್ಲಾಸ್ಟರ್ ಕಟ್ಟು ಕೆಲವರಿಗೆ ಉಂಟು, ಕೆಲವರಿಗಿಲ್ಲ. ಯಾರಿಗೆ ಯಾವುದೆಂಬುದನ್ನು ಚೀಟಿಯೆತ್ತಿದಂತೆ ಯಾದೃಚ್ಛಿಕವಾಗಿ ಗೊತ್ತುಮಾಡಿದ್ದರು. ಕಟ್ಟು ತೊಟ್ಟವರಲ್ಲಿ ಚಲನೆಯ ಸೊಬಗೂ ಮಣಿಕಟ್ಟು ಮೇಲೇಳುವ ಪ್ರಮಾಣವೂ ಉತ್ತಮವಾದುವು. ಆದರೆ ಕೈಯಿಂದ ಕೆಲಸ ಮಾಡುವ ಸಾಮರ್ಥ್ಯದಲ್ಲಿ ಗುಂಪುಗಳೊಳಗೆ ಅಂತರ ಕಾಣಲಿಲ್ಲ. ೧೯೯೭ರಲ್ಲಿ ಅದೇ ವಿದ್ವಾಂಸರು ಎಳೆಯ ವಯಸ್ಸಿನ ೫೦ ಮಕ್ಕಳಲ್ಲಿ, ಹೆಚ್ಚಿನ ಬೋಬಾತ್ ಅಭ್ಯಾಸ ಮತ್ತು ಕಟ್ಟು ಎರಡನ್ನೂ ಸೇರಿಸಿ ಸಾಧಾರಣ ಚಿಕಿತ್ಸೆಯೊಡನೆ ಹೋಲಿಸಿದಾಗ ಯಾವ ಮೇಲ್ಮೆಯೂ ತೋರಲಿಲ್ಲ. ಕಟ್ಟಬೇಕೆಂದವರೂ ಕಟ್ಟಬಾರದೆಂದವರೂ ಇದರಿಂದ ಸಮಾನವಾಗಿ ವಿನಯವನ್ನು ಕಲಿಯಬೇಕಾಯಿತು.

೨೦೧೪ರಲ್ಲಿ ಜ್ಯಾಕ್‌ಮನ್, ನೊವಾಕ್, ಲ್ಯಾನಿನ್ ಎಂಬ ಆಸ್ಟ್ರೇಲಿಯದ ವಿದುಷಿಯರು ಅಲ್ಲಿಯವರೆಗಿನ ಪರೀಕ್ಷೆಗಳನ್ನು ಕ್ರೋಡೀಕರಿಸಿ ತೂಗಿದರು. ಅಭ್ಯಾಸದೊಡನೆ ದಬ್ಬೆಯನ್ನೂ ಸೇರಿಸಿದರೆ ಅಲ್ಪಲಾಭವುಂಟು; ತೊಡುವುದನ್ನು ಬಿಟ್ಟ ಮೇಲೆ ಆ ಲಾಭವೂ ಕ್ಷೀಣಿಸುವುದು ಎಂಬುದು ಅವರ ನಿರ್ಣಯ. ೧೯೮೧ರ ಸಣ್ಣ ಪರೀಕ್ಷೆಯ ಫಲವನ್ನೇ ಇದು ದೊಡ್ಡ ತಕ್ಕಡಿಯಲ್ಲಿ ತೋರಿಸಿತೆನ್ನಬಹುದು.

ಇಷ್ಟರ ನಡುವೆ ಚರಿತ್ರೆಯು ಒಂದು ಅನಿರೀಕ್ಷಿತ ತಿರುವನ್ನು ಪಡೆಯಿತು. ೧೯೧೭ರಲ್ಲಿಯೇ ಆಗ್ಡನ್ ಮತ್ತು ಫ್ರಾನ್ಸ್ ಎಂಬವರು ಒಂದು ಪಾರ್ಶ್ವ ಬಲಗುಂದಿದ ಕೋತಿಗಳ ಒಳ್ಳೆಯ ಕೈಯನ್ನು ಕಟ್ಟಿಹಾಕಿ, ಸೋತ ಕೈ ಬೇಗ ಚೇತರಿಸುವುದನ್ನು ಕಂಡಿದ್ದರು. ಎಡ್ವರ್ಡ್ ಟಾಬರು ಆ ಮಾರ್ಗವನ್ನು ಮುಂದುವರಿಸಿ, ೨೦೦೪ರಲ್ಲಿ ಒಂದು ಪಾರ್ಶ್ವದ ದೋಷವುಳ್ಳ ೧೮ ಮಕ್ಕಳ ಪರೀಕ್ಷೆಯನ್ನು ಪ್ರಕಟಿಸಿದರು. ಒಳ್ಳೆಯ ಕೈಗೆ ಕಟ್ಟು. ಸೆಡೆತ ಕೈಗೆ ದಿನಕ್ಕೆ ಆರು ಗಂಟೆಯಂತೆ ಮೂರು ವಾರ ಕೆಲಸ. ಇಷ್ಟರಿಂದ ಸೋತ ಕೈಯ ಬಳಕೆ ಗಮನಾರ್ಹವಾಗಿ ಹೆಚ್ಚಿತು. ನೂರೈವತ್ತು ವರ್ಷ ಸೋತ ಕೈಯ ಮೇಲಿದ್ದ ಬಂಧನವು ಹೀಗೆ ಒಳ್ಳೆಯ ಕೈಗೆ ವರ್ಗವಾಯಿತು. ಎರಡು ಕೈಗಳನ್ನೂ ಜೊತೆಗೂಡಿಸಿ ಅಷ್ಟೇ ಹೊತ್ತು ಅಭ್ಯಾಸಮಾಡಿಸಿದರೂ ಫಲ ಸಮಾನವೆಂದು ಮುಂದಿನ ಪರೀಕ್ಷೆಗಳು ಸೂಚಿಸಿದುವು. ಆದಕಾರಣ ಗುಣವು ಕಟ್ಟಿನದಲ್ಲ, ಕಟ್ಟಿನಿಂದ ಪ್ರೇರಿತವಾದ ಕೆಲಸದ್ದು. ಮಗುವೂ ಮನೆಯವರೂ ಆರಿಸಿಕೊಂಡ ಕಾರ್ಯವನ್ನೇ, ಮಗು ಬದುಕುವ ಪರಿಸರದಲ್ಲಿಯೇ, ಸಮಗ್ರವಾಗಿ ಅಭ್ಯಾಸಮಾಡಿಸಬೇಕೆಂದು ೨೦೨೨ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ಸಲಹೆಮಾಡಿತು.

೭

ಮೇಲ್ಕಂಡ ಚರಿತ್ರೆಯಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ಒಂದು: ದಬ್ಬೆಯು ಸೆಡೆತವನ್ನು ಶಾಶ್ವತವಾಗಿ ತಗ್ಗಿಸುವುದೆಂಬ ಪ್ರತಿಜ್ಞೆಗೆ ಪ್ರಮಾಣ ದೊರೆತಿಲ್ಲ. ಎರಡು: ಅದರಿಂದ ದಬ್ಬೆಯು ಸರ್ವಥಾ ನಿಷ್ಪ್ರಯೋಜಕವೆಂದು ಹೇಳಲಾಗದು. ಅಂಗೈಯೊಳಗೆ ಸೇರಿದ ಹೆಬ್ಬೆರಳನ್ನು ಹೊರಗಿಟ್ಟು, ಮಗುವು ಲೋಟವನ್ನೋ ಬಳಪವನ್ನೋ ಹಿಡಿಯುವಂತೆ ಮಾಡುವ ಸಣ್ಣ ದಬ್ಬೆಯು ಕೆಲಸದ ಉಪಕರಣ; ತೊಟ್ಟಿರುವಾಗ ಅದರಿಂದ ಕೆಲಸ ಸುಲಭವಾದರೆ ಅದೇ ಅದರ ಸಾರ್ಥಕ್ಯ. ಮುಷ್ಟಿ ಬಿಚ್ಚದೆ ಅಂಗೈಯ ಚರ್ಮ ಕೊಳೆಯುತ್ತಿರುವ ಮಗುವಿಗೆ ಅದನ್ನು ಬಿಡಿಸಿಟ್ಟು ಶುಚಿಮಾಡಲು ಅನುವು ಕೊಡುವುದೂ ಅಲ್ಪವಲ್ಲ. ಮೂರು: ಯಾವ ಪ್ರಯೋಜನಕ್ಕಾಗಿ ಕಟ್ಟುತ್ತಿದ್ದೇವೆಂಬುದನ್ನು ಮೊದಲೇ ಹೇಳದೆ ಕಟ್ಟಿದ ದಬ್ಬೆಯ ಗುಣದೋಷವನ್ನು ಯಾರೂ ನಿರ್ಣಯಿಸಲಾರರು.

ಈ ಮೂರನೆಯ ಅಂಶವು ಕೇವಲ ಶಾಸ್ತ್ರವಿಷಯವಲ್ಲ. ದಬ್ಬೆಯೊಳಗಿರುವಷ್ಟು ಹೊತ್ತೂ ಆ ಕೈ ಮಣ್ಣನ್ನು ಮುಟ್ಟದು, ತಾಯಿಯ ಸೆರಗನ್ನು ಹಿಡಿಯದು. ಬಾಲ್ಯದ ಹೊತ್ತು ಮಿತವಾದುದು. ಅದನ್ನು ದಬ್ಬೆಯ ಹೆಸರಿನಲ್ಲಿ ಕಡ ಪಡೆಯುವವನು ಮರಳಿ ಕೊಡುವುದೇನೆಂಬುದನ್ನು ಹೇಳಲು ಬದ್ಧನ���. ಬಿಗಿತ ಮರಳಿ ಬಂದಾಗ, ತಾವು ಸರಿಯಾಗಿ ಕಟ್ಟಲಿಲ್ಲವೆಂದೋ ಹೆಚ್ಚು ಹೊತ್ತು ತೊಡಿಸಲಿಲ್ಲವೆಂದೋ ತಂದೆತಾಯಿಗಳು ತಮ್ಮನ್ನೇ ಹಳಿದುಕೊಳ್ಳುವುದು ಸಹಜ. ಬಿಗಿತವು ಮರಳುವುದು ಆ ವಸ್ತುವಿನ ಸ್ವಭಾವವೇ ಹೊರತು ಅವರ ಅಪರಾಧವಲ್ಲವೆಂದು ತಿಳಿಸುವುದು ಈ ಚರಿತ್ರೆಯ ಒಂದು ಫಲವಾದರೆ ಅದು ಸಾಮಾನ್ಯವಾದುದಲ್ಲ.

ನಮ್ಮ ದೇಶದಲ್ಲಿ ೧೯೭೨ರಲ್ಲಿ ಮಿಥು ಅಲೂರ್ ಅವರು ಮುಂಬಯಿಯಲ್ಲಿ ಇಂಥ ಮಕ್ಕಳಿಗಾಗಿ ಸಂಸ್ಥೆಯನ್ನು ತೆರೆದರು; ೧೯೮೦ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಅಂಥ ಕಾರ್ಯ ಆರಂಭವಾಯಿತು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಸೆರೆಬ್ರಲ್ ಪಾಲ್ಸಿಯನ್ನು ಹೆಸರಿಸಿಯೇ ಪರಿಗಣಿಸಿದೆ. ಆದಕಾರಣ ಈ ಪ್ರಶ್ನೆ ನಮಗೂ ಸೇರಿದ್ದು.

ಕಟ್ಟು ಸಡಿಲವೂ ಆಗಬಾರದು, ಅತಿಬಿಗಿಯೂ ಆಗಬಾರದು ಎಂದು ಸುಶ್ರುತಸಂಹಿತೆಯು ಮುರಿದ ಎಲುಬಿನ ವಿಷಯದಲ್ಲಿ ಹೇಳಿತು. ಸೆಡೆತ ಕೈಯ ವಿಷಯದಲ್ಲಿ ಅದಕ್ಕೆ ಇನ್ನೊಂದು ಮಾತನ್ನು ಸೇರಿಸಬೇಕಾಗಿದೆ: ಕಟ್ಟುವ ಮೊದಲು ಕೈಯ ಆಕಾರವನ್ನಲ್ಲ, ಆ ಕೈಯಿಂದ ಮಗುವು ಮಾಡಬಯಸುವ ಕೆಲಸವನ್ನು ಕೇಳಿ ತಿಳಿಯತಕ್ಕದ್ದು.